ತಾತನ ಹ್ಯಾಟಿನ ಚರ್ಮದ ಪಟ್ಟಿಯನ್ನು ಮಗುಚಿದಾಗ

ಹೋದ ಬೇಸಿಗೆಯಲ್ಲಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡುತ್ತಿದ್ದಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕಿನಲ್ಲಿ ಎರಡು ಟೋಪಿಗಳು ಸಿಕ್ಕವು. ಒಂದು ಬೂದುಬಣ್ಣದ ಫೆಲ್ಟ್ (ತುಪ್ಪಳವನ್ನು ಒತ್ತಿ ಬಟ್ಟೆಯಂತೆ ಮಾಡಿದ್ದು) ಹ್ಯಾಟು, ಇನ್ನೊಂದು ಖಾಕಿ ಬಟ್ಟೆ ಹೊದಿಸಿದ ಬೆಂಡಿನ ಟೋಪಿ. ತಾತ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. 1947ರಲ್ಲಿ ಗಣಿಯ ದೊರೆಯೊಬ್ಬರು ಊರಿಗೆ ಹೊರಟು ನಿಂತಾಗ ತಮ್ಮ ಹ್ಯಾಟನ್ನು ತಾತನ ಕೈಗಿಟ್ಟು ಹೋದರೆಂಬುದು ನಾವೆಲ್ಲ ಕೇಳುತ್ತ ಬೆಳೆದ ಕಥೆ. ಆ ಹ್ಯಾಟು ಈ ಬೂದುಬಣ್ಣದ್ದೇ ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಳೆಯ ಹ್ಯಾಟುಗಳ ಹೊಲಿಗೆ, ಪಟ್ಟಿ, ಚೀಟಿಗಳನ್ನು ನೋಡಿ ಅವುಗಳ ಕಾಲವನ್ನು ಅಂದಾಜು ಮಾಡುವ ಅಭ್ಯಾಸ ನನಗೆ ಕೆಲವು ವರ್ಷಗಳಿಂದ ಇದೆ. ಹಾಗಾಗಿ ಎರಡನ್ನೂ ಕೋಲಾರಕ್ಕೆ ತಂದು, ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲಿಟ್ಟುಕೊಂಡು ಕುಳಿತೆ.

ಮೊದಲು ಎಚ್ಚರಿಕೆಯ ಒಂದು ಮಾತು. ಮೊಲದ ತುಪ್ಪಳವನ್ನು ಫೆಲ್ಟ್ ಆಗಿಸಲು ಹಿಂದೆ ಪಾದರಸದ ನೈಟ್ರೇಟನ್ನು ಬಳಸುತ್ತಿದ್ದರು, ಅಮೆರಿಕದಲ್ಲಿ ಅದು ನಿಂತದ್ದು 1941ರ ಡಿಸೆಂಬರಿನಲ್ಲಿ. ಆದ್ದರಿಂದ ಹಳೆಯ ಫೆಲ್ಟನ್ನು ಕೈಗವಸು ಹಾಕಿಕೊಂಡೇ ಮುಟ್ಟಬೇಕು, ಅದರ ಧೂಳನ್ನು ಮನೆಯೊಳಗೆ ಕೊಡವಬಾರದು.

ಹ್ಯಾಟಿನ ಕಾಲವನ್ನು ಹೇಳಲು ಹೊರಟವರು ಸಾಮಾನ್ಯವಾಗಿ ಮೊದಲು ಸುತ್ತಂಚಿನ ಅಗಲವನ್ನು ಅಳೆಯುತ್ತಾರೆ. 1930 ಮತ್ತು 40ರ ದಶಕಗಳಲ್ಲಿ ಎರಡೂವರೆ ಅಂಗುಲ ಅಥವಾ ಅದಕ್ಕೂ ಹೆಚ್ಚಿನ ಅಂಚು ರೂಢಿಯಲ್ಲಿತ್ತು, 60ರ ದಶಕದ ಹೊತ್ತಿಗೆ ಅದು ಎರಡಂಗುಲಕ್ಕಿಂತ ಕಿರಿದಾಯಿತು. ತಾತನ ಹ್ಯಾಟಿನ ಅಂಚು ಎರಡಂಗುಲಕ್ಕೆ ಒಂದು ನೂಲಿನಷ್ಟು ಕಡಿಮೆ ಇತ್ತು. ನನಗೆ ಮೊದಲ ಅನುಮಾನ ಬಂದದ್ದು ಅಲ್ಲಿಯೇ. ಆದರೆ ಅಗಲವೊಂದನ್ನೇ ನಂಬುವುದು ಸರಿಯಲ್ಲ, ಏಕೆಂದರೆ ಹಳೆಯ ಹ್ಯಾಟಿನ ಅಂಚನ್ನು ಹೊಸ ಫ್ಯಾಷನ್ನಿಗೆ ತಕ್ಕಂತೆ ಕತ್ತರಿಸಿಕೊಳ್ಳುವವರೂ ಇದ್ದರು.

ಹೊರಗಿನ ರಿಬ್ಬನ್ನಿನ ವಿಷಯದಲ್ಲಂತೂ ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ರಿಬ್ಬನ್ನನ್ನು ಫೆಲ್ಟಿಗೆ ಹಿಡಿದಿಟ್ಟಿರುವುದು ಕೈಯಿಂದ ಹಾಕಿದ ನಾಲ್ಕಾರು ಹೊಲಿಗೆಗಳು ಮಾತ್ರ, ಅದನ್ನು ಬದಲಿಸಲು ಅರ್ಧ ಗಂಟೆ ಸಾಕು. ನಾನು ರಿಬ್ಬನ್ನಿನ ಕೆಳಗಿನ ಅಂಚನ್ನು ಮೊಂಡು ಸೂಜಿಯಿಂದ ತುಸುವೇ ಎತ್ತಿ, ಭೂತಗನ್ನಡಿಯಲ್ಲಿ ಸೂಜಿ ಚುಚ್ಚಿದ ತೂತುಗಳನ್ನು ಎಣಿಸುತ್ತೇನೆ. ದಾರ ಹಾದುಹೋಗಿರುವ ತೂತುಗಳ ಪಕ್ಕದಲ್ಲೇ ಖಾಲಿ ತೂತುಗಳಿದ್ದರೆ ಅದು ಎರಡನೆಯ ರಿಬ್ಬನ್ನು. ತಾತನ ಹ್ಯಾಟಿನಲ್ಲಿ ಖಾಲಿ ತೂತು ಒಂದೂ ಇರಲಿಲ್ಲ. ರಿಬ್ಬನ್ನಿನ ಅಡಿಯಲ್ಲಿ ಬಿಸಿಲು ಕಾಣದ ಫೆಲ್ಟು ಪಾರಿವಾಳದ ಕತ್ತಿನಂತೆ ಗಾಢವಾದ ಬೂದುಬಣ್ಣದಲ್ಲಿ ಉಳಿದಿತ್ತು, ಆ ಗಾಢ ಬಣ್ಣದ ಗಡಿ ರಿಬ್ಬನ್ನಿನ ಅಂಚಿಗೆ ಸರಿಯಾಗಿ ಹೊಂದುತ್ತಿತ್ತು. ಅಂದರೆ ರಿಬ್ಬನ್ನು ಮೂಲದ್ದೇ.

ಇನ್ನು ದಾರ. ರೇಷ್ಮೆಯ ಎಳೆಯನ್ನು ಬೆಂಕಿಗೆ ಹಿಡಿದರೆ ಕೂದಲು ಸುಟ್ಟ ವಾಸನೆ ಬರುತ್ತದೆಂಬುದನ್ನು ಶಿಡ್ಲಘಟ್ಟದ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೃತಕ ರೇಷ್ಮೆ ಎನ್ನುವ ರೇಯಾನ್ ಕಾಗದದಂತೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಪಾಲಿಯೆಸ್ಟರ್ ಎಳೆಯನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು 1941ರಲ್ಲಾದರೂ ಅದು ಮಾರುಕಟ್ಟೆಗೆ ಬಂದದ್ದು 50ರ ದಶಕದಲ್ಲಿ. ಆದ್ದರಿಂದ ಮೂಲ ಹೊಲಿಗೆಯಲ್ಲೇ ಆ ದಾರವಿದ್ದರೆ ಹ್ಯಾಟು ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ನಾನು ಒಳಹೊಲಿಗೆಯ ಕೊನೆಯಲ್ಲಿ ಜೋತುಬಿದ್ದಿದ್ದ ಅರ್ಧ ಅಂಗುಲದ ಎಳೆಯನ್ನು ಸುಟ್ಟು ನೋಡಿದೆ. ಅದು ಬರೀ ಹತ್ತಿ. ಹತ್ತಿಯ ದಾರ ಎಲ್ಲ ಕಾಲದಲ್ಲೂ ಇದ್ದುದರಿಂದ ಅದರಿಂದ ಏನೂ ತಿಳಿಯಲಿಲ್ಲ. ನೋಟು ಪರೀಕ್ಷಿಸುವ ನೇರಳೆ ಟಾರ್ಚಿನ ಬೆಳಕಿನಲ್ಲಿ ದಾರ ಹೊಳೆದರೆ ಹೊಸದೆಂದು ಹೇಳುವವರಿದ್ದಾರೆ. ಆದರೆ ಹೊಸ ದಾರಕ್ಕೆ ಆ ಹೊಳಪು ಕೊಡುವ ರಾಸಾಯನಿಕ ಬಟ್ಟೆ ಒಗೆಯುವ ಪುಡಿಗಳಲ್ಲೂ ಇರುವುದರಿಂದ, ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದ ಹಳೆಯ ದಾರವೂ ಹೊಳೆಯಬಹುದು.

ನಿಜವಾದ ಸಾಕ್ಷಿ ಸಿಗುವುದು ಒಳಗಡೆ, ಹಣೆಗೆ ತಾಗುವ ಚರ್ಮದ ಪಟ್ಟಿಯ ಹಿಂದೆ. ಯಾರ ಕಣ್ಣಿಗೂ ಬೀಳದ, ಯಾರೂ ಬದಲಿಸುವ ಗೋಜಿಗೆ ಹೋಗದ ಜಾಗ ಅದು. ಅಮೆರಿಕದ ಹ್ಯಾಟುಗಳಲ್ಲಿ ಅಲ್ಲಿ ಕಾರ್ಮಿಕ ಸಂಘದ ಪುಟ್ಟ ಚೀಟಿ ಸಿಗುತ್ತದೆ. ಅಲ್ಲಿನ ಹ್ಯಾಟು ಕಾರ್ಮಿಕರ ಎರಡು ಸಂಘಗಳು 1934ರಲ್ಲಿ ಒಂದಾಗಿ ಹೆಸರು ಬದಲಾದದ್ದರಿಂದ ಆ ಚೀಟಿಯೇ ಒಂದು ಗಡಿರೇಖೆ. ನಮ್ಮ ದೇಶದಲ್ಲಿ ಮಾರಾಟವಾದ ಹ್ಯಾಟುಗಳಿಗೆ ನಮ್ಮವೇ ಗಡಿರೇಖೆಗಳಿವೆ, ಮತ್ತು ಅವು ಇನ್ನೂ ಖಚಿತ. ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್‌ಗೆ ಹಿಂದಿನದು, ನಯಾ ಪೈಸೆಯಲ್ಲಿದ್ದರೆ ಅಲ್ಲಿಂದ 1964ರವರೆಗಿನದು. ಅಂಗಡಿಯ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು.

ತಾತನ ಹ್ಯಾಟಿನ ಪಟ್ಟಿ ಒಣಗಿ ಹಪ್ಪಳದಂತಾಗಿತ್ತು. ನಾನು ಆತುರಪಟ್ಟು ಎಡಬದಿಯಲ್ಲಿ ಮಗುಚಲು ಹೋಗಿ ಒಂದಂಗುಲದಷ್ಟು ಸೀಳಿಬಿಟ್ಟೆ. ಆ ನೋವು ಇನ್ನೂ ಹೋಗಿಲ್ಲ. ಆಮೇಲೆ ಚರ್ಮಕ್ಕೆ ಹಚ್ಚುವ ಮುಲಾಮನ್ನು ತೆಳುವಾಗಿ ಸವರಿ, ಎರಡು ದಿನ ಬಿಟ್ಟು, ಹಿಂಬದಿಯ ಪುಟ್ಟ ಬಿಲ್ಲಿನ ಗಂಟು ಇರುವಲ್ಲಿಂದ ಮೆಲ್ಲಗೆ ಮಗುಚಿದೆ. ಎರಡು ಬೆರಳಗಲದ ಕಾಗದದ ಚೀಟಿಯೊಂದು ಅಲ್ಲಿ ಅಂಟಿಕೊಂಡಿತ್ತು. ಮೇಲೆ ಅಚ್ಚಾಗಿದ್ದ ಅಳತೆ ಆರು ಮುಕ್ಕಾಲು ಮತ್ತು ಅರೆಪಾವು (6⅞), ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ 56 ಸೆಂಟಿಮೀಟರ್. ಕೆಳಗೆ ನೇರಳೆ ಪೆನ್ಸಿಲಿನಲ್ಲಿ ಬರೆದ ಬೆಲೆ, ಇಪ್ಪತ್ತೆರಡು ರೂಪಾಯಿ ಐವತ್ತು ನಯಾ ಪೈಸೆ.

1947ರಲ್ಲಿ ಊರಿಗೆ ಹೊರಟವರ ತಲೆಯ ಮೇಲೆ ಈ ಹ್ಯಾಟು ಇರಲು ಸಾಧ್ಯವೇ ಇರಲಿಲ್ಲ. ಇದು ಅಂಗಡಿಗೆ ಬರುವ ಹೊತ್ತಿಗೆ ಗಣಿಗಳು ಕಂಪನಿಯವರ ಕೈ ಬಿಟ್ಟು ಮೈಸೂರು ಸರ್ಕಾರದ ವಶಕ್ಕೆ ಬಂದಾಗಿತ್ತು, ಅದು ಆದದ್ದು 1956ರಲ್ಲಿ. ಈ ವಿಷಯವನ್ನು ಅತ್ತೆಗೆ ಹೇಗೆ ತಿಳಿಸುವುದೆಂದು ಒಂದು ವಾರ ಯೋಚಿಸಿದೆ. ಅವರಿಗೀಗ ಎಂಬತ್ತೆರಡು. ಚೀಟಿಯನ್ನು ಕೈಗೆ ಕೊಟ್ಟಾಗ ಕನ್ನಡಕ ಏರಿಸಿಕೊಂಡು ಓದಿ, ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದು ನಮ್ಮಪ್ಪ ಕಾಸು ಕೊಟ್ಟು ತಗೊಂಡಿದ್ದು ಕಣೋ. ಇಪ್ಪತ್ತೆರಡೂವರೆ ರೂಪಾಯಿ! ಅವ್ವಂಗೆ ಹೇಳಿರಲ್ಲ," ಎಂದರು. ಸ್ವಲ್ಪ ತಡೆದು, "ಆ ಬೆಂಡಿನ ಟೋಪಿ ನೋಡಿದ್ಯಾ?" ಎಂದು ಕೇಳಿದರು.

ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ಜೌಗಿನಲ್ಲಿ ಬೆಳೆಯುವ ಸೋಲಾ ಗಿಡದ ಬೆಂಡಿನಿಂದ ಮಾಡಿದ ಇಂಥ ಟೋಪಿಗಳು ಆ ಕಾಲದಲ್ಲಿ ಸಾವಿರಾರು ಇದ್ದವು, ಅದಕ್ಕೇ ಅದನ್ನು ಮೂಲೆಗೆ ಸರಿಸಿದ್ದೆ. ಅಂದು ರಾತ್ರಿ ಅದನ್ನು ಮಗುಚಿದೆ. ಅಂಚಿನ ಅಡಿಯಲ್ಲಿ ಕಣ್ಣಿಗೆ ಬಿಸಿಲು ಕುಕ್ಕದಿರಲೆಂದು ಹಾಕುತ್ತಿದ್ದ ಹಸಿರು ಬಟ್ಟೆ. ಒಳಗೆ ಅಳತೆ ಏಳೂಕಾಲು, ಎಂದರೆ 59 ಸೆಂಟಿಮೀಟರ್, ತಾತನ ತಲೆಗಿಂತ ಪೂರಾ ಮೂರು ಸೆಂಟಿಮೀಟರ್ ದೊಡ್ಡದು. ಚರ್ಮದ ಪಟ್ಟಿಯ ಹಿಂದೆ ಸುತ್ತಲೂ, ಟೋಪಿ ಕಣ್ಣಿನ ಮೇಲೆ ಜಾರದಿರಲೆಂದು, ಇಂಗ್ಲಿಷ್ ಪತ್ರಿಕೆಯ ಹಾಳೆಯನ್ನು ಎಂಟು ಮಡಿಕೆ ಮಾಡಿ ತುರುಕಲಾಗಿತ್ತು. ಹಾಳೆಯ ಮೇಲ್ತುದಿಯಲ್ಲಿ ದಿನಾಂಕವಿದ್ದ ಜಾಗ ಎಣ್ಣೆ ಹೀರಿ ಕಪ್ಪಾಗಿದೆ. ಅದರ ಪಕ್ಕದಲ್ಲಿ ಪತ್ರಿಕೆಯ ಬೆಲೆ ಮಾತ್ರ ಇನ್ನೂ ಓದಲು ಬರುತ್ತದೆ, ಎರಡು ಆಣೆ.