ಬೆಳೆದವರೇ ಮಾರುವ ಮ್ಯಾಡಿಸನ್ ಸಂತೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್. ಊರಿನ ನಟ್ಟನಡುವೆ ಸ್ಟೇಟ್ ಕ್ಯಾಪಿಟಲ್ ಇದೆ, ಅಂದರೆ ಇಲ್ಲಿನ ವಿಧಾನಸೌಧ. ಅದರ ಸುತ್ತಲಿನ ಚೌಕದಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಶನಿವಾರ ಶನಿವಾರ ರೈತರ ಸಂತೆ ಸೇರುತ್ತದೆ. ಹೆಸರು ಡೇನ್ ಕೌಂಟಿ ಫಾರ್ಮರ್ಸ್ ಮಾರ್ಕೆಟ್. 1972ರಲ್ಲಿ ಶುರುವಾಗಿದ್ದು.

ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮಾರುವವರೇ ಬೆಳೆದಿರಬೇಕು ಅಥವಾ ತಯಾರಿಸಿರಬೇಕು, ಅದೂ ವಿಸ್ಕಾನ್ಸಿನ್ ಒಳಗೇ. ಬೇರೆಯವರಿಂದ ಕೊಂಡು ತಂದು ಮಾರುವ ಹಾಗಿಲ್ಲ. ಹಾಗಾಗಿ ಬಾಳೆಹಣ್ಣು, ಮಾವಿನಹಣ್ಣು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆದರೆ ಏನು ಕೇಳಿದರೂ ಉತ್ತರ ಗೊತ್ತಿರುವವರೇ ಎದುರಿಗೆ ನಿಂತಿರುತ್ತಾರೆ. ಈ ಸಂತೆ ನನಗೆ ಇಷ್ಟವಾಗಿದ್ದೇ ಅದಕ್ಕೆ.

ಚೀಸ್ ವಿಷಯವನ್ನೇ ತಗೊಳ್ಳಿ. ವಿಸ್ಕಾನ್ಸಿನ್ ಅಂದರೆ ಹಾಲು, ಚೀಸ್. ಹಾಲು ಹೆಪ್ಪುಗಟ್ಟಿಸಲು ಹಾಕುವ ರೆನೆಟ್ ಅನ್ನುವ ಎನ್ಜೈಮ್ ಹಿಂದಿನಿಂದಲೂ ಕರುವಿನ ಹೊಟ್ಟೆಯಿಂದ ತೆಗೆಯುವಂಥದ್ದು. ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಕೂಡ ಬಳಕೆಯಲ್ಲಿದೆ. ಅಂಗಡಿಯ ಪೊಟ್ಟಣದ ಮೇಲೆ ಎಷ್ಟೋ ಸಲ ಬರೀ ‘ಎನ್ಜೈಮ್’ ಅಂತ ಬರೆದಿರುತ್ತದೆ. ಸಸ್ಯಾಹಾರಿಗಳಿಗೆ ಅದರಿಂದ ಏನು ತಿಳಿಯಬೇಕು? ಸಂತೆಯಲ್ಲಿ ಚೀಸ್ ಮಾಡಿದವರನ್ನೇ ನೇರವಾಗಿ ಕೇಳಬಹುದು. ನಾನು ಕೇಳಿದಾಗ ಒಬ್ಬರು ಯಾವ ಚೀಸ್‌ಗೆ ಯಾವ ರೆನೆಟ್ ಹಾಕುತ್ತೇವೆ ಅಂತ ಒಂದೊಂದನ್ನೂ ತೋರಿಸಿ ಹೇಳಿದರು. ಆಮೇಲೆ ಚೀಸ್ ಕರ್ಡ್ಸ್ ರುಚಿಗೆ ಕೊಟ್ಟರು. ಹೊಸದಾಗಿ ಮಾಡಿದ ಆ ತುಂಡುಗಳನ್ನು ಕಚ್ಚಿದರೆ ಹಲ್ಲಿನ ನಡುವೆ ಕಿರ್ ಕಿರ್ ಸದ್ದು ಬರುತ್ತದೆ. ಒಂದೆರಡು ದಿನ ಕಳೆದರೆ ಸದ್ದು ಹೋಗಿಬಿಡುತ್ತದೆ. ತಾಜಾತನ ನೋಡುವುದಕ್ಕೆ ಇಲ್ಲಿನವರು ಅದನ್ನೇ ಗುರುತಾಗಿ ಇಟ್ಟುಕೊಂಡಿದ್ದಾರೆ.

ನಾನು ಜಾಸ್ತಿ ಹೊತ್ತು ನಿಲ್ಲುವುದು ಮಾತ್ರ ಮೊಂಗ್ ರೈತರ ಮೇಜುಗಳ ಹತ್ತಿರ. ಇವರು ಲಾವೋಸ್‌ನ ಬೆಟ್ಟಗಳ ಜನ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಇವರಲ್ಲಿ ಎಷ್ಟೋ ಜನ ಅಮೆರಿಕದ ಪರ ಹೋರಾಡಿದ್ದರು. 1975ರಲ್ಲಿ ಅಲ್ಲಿ ಕಮ್ಯುನಿಸ್ಟರು ಗೆದ್ದ ಮೇಲೆ ಸಾವಿರಾರು ಕುಟುಂಬಗಳು ಮೆಕಾಂಗ್ ನದಿ ದಾಟಿ ಥಾಯ್ಲೆಂಡ್‌ನ ಶಿಬಿರಗಳನ್ನು ಸೇರಿದವು. ಅಲ್ಲಿಂದ ಬಂದು ನೆಲೆಸಿದ್ದು ಹೆಚ್ಚಾಗಿ ಕ್ಯಾಲಿಫೋರ್ನಿಯಾ, ಮಿನ್ನೆಸೋಟಾ, ವಿಸ್ಕಾನ್ಸಿನ್‌ನಲ್ಲಿ. ಬಿಸಿಲೂರಿನ ಬೇಸಾಯ ಗೊತ್ತಿದ್ದವರು, ವರ್ಷದ ಅರ್ಧ ಭಾಗ ಚಳಿಯೇ ಇರುವ ಈ ನೆಲದಲ್ಲಿ ಮತ್ತೆ ಮೊದಲಿನಿಂದ ಕಲಿತರು. ಅದನ್ನು ನೆನೆದರೆ ನನಗೆ ಅವರ ಮೇಲೆ ತುಂಬಾ ಗೌರವ ಬರುತ್ತದೆ.

ಅಂಥ ಒಂದು ಮೇಜಿನ ಮೇಲೆ ಹಸಿಮೆಣಸಿನಕಾಯಿ, ನಿಂಬೆಹುಲ್ಲು, ಹಾಗಲಕಾಯಿ ಜೊತೆಗೆ ಕುಂಬಳದ ಕುಡಿಯ ಕಟ್ಟುಗಳಿದ್ದವು. ಎಳೆ ಎಲೆ, ಸುರುಳಿ ಸುತ್ತಿದ ಬಳ್ಳಿ ತುದಿ, ಒಂದೆರಡು ಮೊಗ್ಗು, ಎಲ್ಲ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಅಜ್ಜಿ ಮೊಂಗ್ ಭಾಷೆಯಲ್ಲಿ ಹೇಳಿದ್ದನ್ನು ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ‘ಇದನ್ನು ಹೇಗೆ ಮಾಡ್ತೀರಿ?’ ಅಂತ ಕೇಳಿದೆ. ಅಜ್ಜಿ ಮಾತಾಡದೆ ಒಂದು ದಂಟು ಮುರಿದು, ಮೇಲಿನ ನಾರನ್ನು ತುದಿವರೆಗೂ ಸರ್ರನೆ ಎಳೆದು ತೋರಿಸಿದರು. ನಮ್ಮಮ್ಮ ತಂಬುಳಿಗೆ ಕುಡಿ ಬಿಡಿಸುವುದೂ ಥೇಟ್ ಹೀಗೇ. ಅವರದು ಮಾಂಸದ ಸಾರು, ನಮ್ಮದು ಮಜ್ಜಿಗೆ ತಂಬುಳಿ. ಅಷ್ಟೇ ವ್ಯತ್ಯಾಸ. ಫೋನಿನಲ್ಲಿ ತಂಬುಳಿಯ ಫೋಟೋ ತೋರಿಸಿದೆ. ಮೊಸರಿನ ಜೊತೆ ಸೊಪ್ಪು ತಿಂತಾರಾ ಅಂತ ಅಜ್ಜಿಗೆ ಭಾರಿ ಆಶ್ಚರ್ಯ. ಹೋಗುವಾಗ ಚೀಲಕ್ಕೆ ಒಂದು ಹಿಡಿ ಮೆಣಸಿನಕಾಯಿ ಸುಮ್ನೆ ಹಾಕಿಕೊಟ್ಟರು.

ಮೇಪಲ್ ಸಿರಪ್ (ಮೇಪಲ್ ಮರದ ರಸ ಕಾಯಿಸಿ ಮಾಡುವ ಸಿಹಿ ಪಾಕ) ಮಾರುವವರ ಹತ್ತಿರ ತಿಳಿ ಬಂಗಾರದ ಬಣ್ಣದಿಂದ ಕಡು ಕಂದು ಬಣ್ಣದವರೆಗೆ ಬಾಟಲಿಗಳ ಸಾಲೇ ಇರುತ್ತದೆ. ಸೀಸನ್ ಮುಂದುವರಿದ ಹಾಗೆ ಬಣ್ಣ, ರುಚಿ ಎರಡೂ ಗಾಢವಾಗುತ್ತವೆ. ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ಕೆಲವೇ ವಾರ ಮರ ಚೆನ್ನಾಗಿ ರಸ ಬಿಡುತ್ತದೆ. ಸುಮಾರು 40 ಲೀಟರ್ ರಸ ಕಾಯಿಸಿದರೆ 1 ಲೀಟರ್ ಸಿರಪ್. ಇದು ಗೊತ್ತಾದ ಮೇಲೆ ಬೆಲೆ ಜಾಸ್ತಿ ಅನ್ನಿಸಲಿಲ್ಲ.

ಮಕ್ಕಳನ್ನು ನೋಡಲು ಮ್ಯಾಡಿಸನ್‌ಗೆ ಬರುವ ಅಪ್ಪ-ಅಮ್ಮಂದಿರು ನಮ್ಮ ಕಡೆಯೂ ಬೇಕಾದಷ್ಟಿದ್ದಾರೆ. ಬಂದರೆ ಒಂದು ಶನಿವಾರ ಇದಕ್ಕೆ ಮೀಸಲಿಡಿ. ಮೇ ತಿಂಗಳಲ್ಲಿ ಆಸ್ಪ್ಯಾರಗಸ್ (ಶತಾವರಿ ಜಾತಿಯ ಗಿಡದ ಎಳೆ ಕುಡಿ), ಜೂನ್‌ನಲ್ಲಿ ಸ್ಟ್ರಾಬೆರಿ, ಆಗಸ್ಟ್‌ನಲ್ಲಿ ಟೊಮೆಟೊ, ಮುಸುಕಿನ ಜೋಳ. ಸೇಬು, ಕ್ರ್ಯಾನ್‌ಬೆರಿ ಬೇಕಿದ್ದರೆ ಅಕ್ಟೋಬರ್. ಚೌಕಾಸಿ ಇಲ್ಲಿ ನಡೆಯುವುದಿಲ್ಲ. ಜನ ಚೌಕಕ್ಕೆ ಅಪ್ರದಕ್ಷಿಣೆಯಾಗಿ ಸುತ್ತುತ್ತಾರೆ, ಹಿಂದುಮುಂದು ನುಗ್ಗಾಡದೆ ಅವರ ಜೊತೆಗೇ ಹೋಗಿ. ಬೆಳಗ್ಗೆ ಬೇಗ ಹೋದರೆ ರಶ್ ಕಡಿಮೆ, ರೈತರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಹೊಲ, ತೋಟ ನೋಡಿಕೊಂಡವರಾದರೆ ಸೊಪ್ಪು ಕೈಗೆತ್ತಿಕೊಂಡು ನೋಡಿ, ಅವರೇ ಮಾತಿಗೆ ಬರುತ್ತಾರೆ.