ಮೀನಿಲ್ಲದ 76 ದಿನ

ಪೌಡರ್ ಬ್ಲೂ ಟ್ಯಾಂಗ್ ಅನ್ನುವ ಸಮುದ್ರದ ಮೀನು ನಮ್ಮ ಮನೆಯ ಉಪ್ಪುನೀರಿನ ಟ್ಯಾಂಕಿಗೆ ಬಂದ ಆರನೇ ದಿನ. ಸಂಜೆ ಟ್ಯಾಂಕಿನ ದೀಪ ಮಂಕಾಗುವ ಹೊತ್ತಿಗೆ ಅದರ ರೆಕ್ಕೆಯ ಮೇಲೆ ಏಳೆಂಟು ಬಿಳಿ ಚುಕ್ಕೆ ಕಂಡವು. ಯಾರೋ ಪುಡಿ ಉಪ್ಪು ಉದುರಿಸಿದ ಹಾಗೆ. ಮಾರನೇ ದಿನ ಎಣಿಸಲಾಗದಷ್ಟಿದ್ದವು. ಮೀನು ಹೋಗಿ ಬಂದು ಕಲ್ಲಿಗೆ ಮೈ ಉಜ್ಜುತ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಮೈಯೆಲ್ಲ ಸ್ವಚ್ಛ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ ಕೊಟ್ಟಿದ್ದೆ. ಅದೇ ಕೆಲಸ ಮಾಡಿತು ಅಂತ ಮನೆಯವರಿಗೆಲ್ಲ ಹೇಳಿಕೊಂಡೆ.

ಕಾಯಿಲೆ ಹೋಗಿರಲಿಲ್ಲ. ಅದು ಮೀನಿನ ಮೈಯಿಂದ ಮರಳಿಗೆ ಇಳಿದಿತ್ತು, ಅಷ್ಟೇ. ಎಂಟು ದಿನ ಕಳೆದ ಮೇಲೆ ಟ್ಯಾಂಗ್, ಎರಡು ಕ್ಲೌನ್ ಫಿಶ್, ರಾಯಲ್ ಗ್ರಾಮಾ ನಾಲ್ಕರ ಮೈಮೇಲೂ ಚುಕ್ಕೆ ಬಂತು.

ಇದಕ್ಕೆ ಮರೀನ್ ಇಕ್ ಅಂತಾರೆ. ಕ್ರಿಪ್ಟೊಕೇರಿಯಾನ್ ಇರಿಟಾನ್ಸ್ ಅನ್ನುವ ಒಂದೇ ಜೀವಕೋಶದ ಪರಾವಲಂಬಿಯಿಂದ ಬರುವ ಕಾಯಿಲೆ. 1951ರಲ್ಲಿ ಈ ಜೀವಿಗೆ ಆ ಹೆಸರು ಬಂತು. ಸಿಹಿನೀರಿನ ಮೀನಿಗೆ ಬರುವ ಇಕ್ ನೋಡಲು ಹೀಗೇ ಇದ್ದರೂ ಅದು ಬೇರೆಯೇ ಜೀವಿ. ಸಿಹಿನೀರಿನ ಟ್ಯಾಂಕಿನಲ್ಲಿ ಕಲಿತದ್ದನ್ನೇ ಇಲ್ಲೂ ಮಾಡಲು ಹೋಗಬೇಡಿ.

ಇದರ ಬದುಕನ್ನು ಅರ್ಥ ಮಾಡಿಕೊಳ್ಳದೆ ಔಷಧ ಹಾಕಿ ಪ್ರಯೋಜನವಿಲ್ಲ. ಮೀನಿನ ಚರ್ಮದೊಳಗೆ ಹೊಕ್ಕು ಮೂರರಿಂದ ಏಳು ದಿನ ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಅದೇ. ಆಮೇಲೆ ಉದುರಿ ಮರಳಿಗೋ ಕಲ್ಲಿಗೋ ಅಂಟಿಕೊಂಡು ತನ್ನ ಸುತ್ತ ಗೂಡಿನಂಥ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಡೆದು ಒಡೆದು ನೂರಾರು ಮರಿಗಳಾಗುತ್ತವೆ. ಆ ಮರಿಗಳು ಹೊರಬಂದು ಈಜುತ್ತಾ ಮೀನು ಹುಡುಕುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ನನ್ನನ್ನು ತುಂಬಾ ಕಾಡಿದ ಸಂಗತಿ ಒಂದಿದೆ. ಈ ಮರಿಗಳು ಹೆಚ್ಚಾಗಿ ಹೊರಬರುವುದು ಕತ್ತಲಲ್ಲಿ, ಬೆಳಗಿನ ಜಾವ. ಮೀನು ಕಲ್ಲಿನ ಸಂದಿಯಲ್ಲಿ ಅಲುಗಾಡದೆ ಮಲಗಿರುವ ಹೊತ್ತು. ಮೀನಿನ ಮೈಯಿಂದ ಉದುರಿದ್ದು ಕೂಡಲೇ ಅಲ್ಲ, ಕೆಲವು ದಿನಗಳಾದ ಮೇಲೆ ನೂರು ಪಟ್ಟಾಗಿ ಮೀನು ಮಲಗುವ ಜಾಗಕ್ಕೇ ವಾಪಸ್ ಬರುತ್ತದೆ.

ತಾಮ್ರದ ಔಷಧ ಕೊಲ್ಲುವುದು ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗಿನದಕ್ಕೂ ಕೋಶದೊಳಗಿನದಕ್ಕೂ ಅದು ತಟ್ಟುವುದಿಲ್ಲ. ಅದಕ್ಕೇ ನೀರಿನಲ್ಲಿ ತಾಮ್ರವನ್ನು 30 ದಿನ ಬಿಡದೆ ಇಡಬೇಕು. ಹವಳ, ಸೀಗಡಿ, ಬಸವನಹುಳು ಇರುವ ಟ್ಯಾಂಕಿಗೆ ತಾಮ್ರ ಹಾಕುವ ಹಾಗಿಲ್ಲ, ಅವು ಸಾಯುತ್ತವೆ. ಕಲ್ಲು ಮರಳು ಕೂಡ ತಾಮ್ರವನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಮೀನನ್ನೇ ಹೊರಗೆ ತೆಗೆಯಬೇಕು.

ನನ್ನ ಹತ್ತಿರ ಬೇರೆ ಟ್ಯಾಂಕ್ ಸಿದ್ಧವಿರಲಿಲ್ಲ. ಅದನ್ನು ಹೊಂದಿಸುವಷ್ಟರಲ್ಲಿ ಎರಡು ದಿನ ಹೋಯಿತು. ಟ್ಯಾಂಗಿನ ಕಿವಿರು ಪಟಪಟ ಬಡಿದುಕೊಳ್ಳುತ್ತಿತ್ತು. ಚರ್ಮಕ್ಕಿಂತ ಕಿವಿರಿಗೆ ಹೊಕ್ಕಾಗಲೇ ಮೀನು ಸಾಯುವುದು. ಎರಡನೇ ರಾತ್ರಿ ಅದು ಹೋಯಿತು. ಅಷ್ಟು ಚೆಂದದ ಮೀನು. ತಂದ ದಿನ ನೀರಿನ ಬಿಸಿ ಹೊಂದಲಿ ಅಂತ ಅರ್ಧ ಗಂಟೆ ಚೀಲ ತೇಲಿಬಿಟ್ಟು, ಬೇರೆ ಟ್ಯಾಂಕಿನಲ್ಲಿಟ್ಟು ನೋಡದೆ ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಟ್ಟವರು ನಾವೇ ಅಲ್ವಾ ಅನ್ನುವುದು ಈಗಲೂ ನೋಯಿಸುತ್ತದೆ.

ಉಳಿದ ಮೂರು 60 ಲೀಟರಿನ ಬರಿ ಗಾಜಿನ ಟ್ಯಾಂಕಿಗೆ ಹೋದವು. ಮರಳಿಲ್ಲ, ಕಲ್ಲಿಲ್ಲ. ಒಂದು ಹೀಟರ್, ಗಾಳಿ ಪಂಪು, ಸ್ಪಂಜ್ ಫಿಲ್ಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳು. ಚೀಲೇಟೆಡ್ ತಾಮ್ರವನ್ನು (ಬೇರೆ ಅಣುವಿಗೆ ಕಟ್ಟಿಹಾಕಿದ ತಾಮ್ರ) ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ 2.2 ಪಿಪಿಎಂಗೆ, ಅಂದರೆ ಹತ್ತು ಲಕ್ಷ ಪಾಲಿಗೆ 2.2 ಪಾಲಿಗೆ, ತಂದೆ. ಬೇರೆ ಬಗೆಯ ತಾಮ್ರಕ್ಕೆ ಅಳತೆಯೇ ಬೇರೆ. ಹೀಗೆ ಕಟ್ಟಿಹಾಕದ ಬರಿ ಅಯಾನಿಕ್ ತಾಮ್ರವಾದರೆ 0.2ರ ಆಸುಪಾಸು ಸಾಕು. ಒಂದರ ಅಳತೆ ಇನ್ನೊಂದಕ್ಕೆ ಹಾಕಿದರೆ ಮೀನು ಉಳಿಯುವುದಿಲ್ಲ, ಬಾಟಲಿಯ ಮೇಲಿನದನ್ನು ಎರಡು ಸಲ ಓದಿ. ಬಣ್ಣ ಹೋಲಿಸಿ ನೋಡುವ ಕಿಟ್ಟನ್ನು ಮಾತ್ರ ನಂಬಬೇಡಿ. ಟ್ಯೂಬ್‌ಲೈಟಿನ ಕೆಳಗೆ ನನಗೆ 1.5 ಯಾವುದು, 2 ಯಾವುದು ಗೊತ್ತಾಗಲೇ ಇಲ್ಲ. ಅಂಕಿ ತೋರಿಸುವ ಡಿಜಿಟಲ್ ಮೀಟರ್ ತಂದ ಮೇಲೆ ಸಮಾಧಾನವಾಯಿತು.

ಒಂಬತ್ತನೇ ದಿನ ಒಂದು ತಪ್ಪು ಮಾಡಿದೆ. ಮೀನಿನ ಗಲೀಜಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ಕಡಿಮೆ ಮಾಡುವ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿನಲ್ಲಿ ಇನ್ನೂ ಬೆಳೆದಿರಲಿಲ್ಲ, ಅಮೋನಿಯಾ ಏರಿತು. ಗಾಬರಿಯಲ್ಲಿ 15 ಲೀಟರ್ ನೀರು ತೆಗೆದು ಹೊಸ ಉಪ್ಪುನೀರು ಸುರಿದೆ. ಅದಕ್ಕೆ ತಾಮ್ರ ಬೆರೆಸುವುದನ್ನು ಮರೆತೆ. ರಾತ್ರಿ ಮೀಟರ್ 1.65 ತೋರಿಸಿತು. ತಾಮ್ರ ಅಷ್ಟು ಇಳಿದರೆ ಆ ಹೊತ್ತಿನಲ್ಲಿ ಹೊರಬಂದ ಮರಿಗಳು ಬದುಕಿ ಮತ್ತೆ ಮೀನಿಗೆ ಹೊಕ್ಕಬಹುದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದ ಒಂಬತ್ತು ದಿನ ಅಳಿಸಿ, 30 ದಿನದ ಲೆಕ್ಕ ಮೊದಲಿಂದ ಶುರು ಮಾಡಿದೆ. ಆಮೇಲೆ ಸುರಿಯುವ ಪ್ರತಿ ಬಕೆಟ್ಟಿಗೂ ಮೊದಲೇ ತಾಮ್ರ ಬೆರೆಸಿ, ಅಳೆದು, ಆಮೇಲಷ್ಟೇ ಸುರಿದೆ.

ಗ್ರಾಮಾ ಮೂರು ದಿನ ಏನೂ ತಿನ್ನಲಿಲ್ಲ. ತಾಮ್ರ ಏರುವಾಗ ಕೆಲವು ಮೀನುಗಳಿಗೆ ಹಸಿವು ಹೋಗುತ್ತದೆ. ಮೈಸಿಸ್ ಸೀಗಡಿಯ ಒಂದೇ ತುಂಡನ್ನು ಪೈಪಿನ ಬಾಯಿಯ ಹತ್ತಿರ ಹಿಡಿದುಕೊಂಡು ಕೂರುತ್ತಿದ್ದೆ. ನಾಲ್ಕನೇ ಸಂಜೆ ಅದು ಮೂತಿ ಹೊರಗೆ ಹಾಕಿ ಕಸಿದುಕೊಂಡಿತು.

ಚುಕ್ಕೆಯ ಬದಲು ಮೈಮೇಲೆ ಹೊನ್ನಿನ ದೂಳಿನಂಥದ್ದು ಕಂಡರೆ, ಮೀನು ಬೆಳಕಿಗೆ ಹೆದರಿ ನೀರು ರಭಸವಾಗಿ ಬರುವ ಕಡೆಗೇ ಹೋಗಿ ನಿಂತರೆ ಅದು ವೆಲ್ವೆಟ್ ಅನ್ನುವ ಇನ್ನೊಂದು ಪರಾವಲಂಬಿ ಕಾಯಿಲೆ ಇರಬಹುದು. ಅದಕ್ಕೂ ತಾಮ್ರವೇ, ಆದರೆ ಯೋಚಿಸಲು ಸಮಯವಿಲ್ಲ. ಎರಡು ಮೂರು ದಿನದಲ್ಲೇ ಎಲ್ಲ ಮುಗಿಯಬಹುದು.

ಇತ್ತ ದೊಡ್ಡ ಟ್ಯಾಂಕಿನಲ್ಲಿ ಮೀನಿಲ್ಲ. ಅಂಟಿಕೊಂಡ ಕೋಶಗಳು ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಒಡೆಯುತ್ತವೆ, ಆದರೆ 72 ದಿನದವರೆಗೆ ಕಾದ ಕೋಶಗಳೂ ದಾಖಲಾಗಿವೆ. ಅದಕ್ಕೇ 76 ದಿನ. ಬೆಚ್ಚಗಿನ ನೀರಿನಲ್ಲಿ ಆರು ವಾರ ಸಾಕು ಅನ್ನುವವರೂ ಇದ್ದಾರೆ. ನಾನು ಪೂರ್ತಿ ಕಾದೆ, ಒಂದು ಮೀನನ್ನು ಕಳೆದುಕೊಂಡಾಗಿತ್ತು. ಎರಡು ಟ್ಯಾಂಕಿಗೆ ಬೇರೆ ಬೇರೆ ಬಲೆ, ಬಕೆಟ್, ಪೈಪು. ಒದ್ದೆ ಕೈಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಆ ದಿನಗಳಲ್ಲಿ ಸೀಗಡಿ, ಏಡಿಗಳು ಹಗಲಲ್ಲೇ ಧೈರ್ಯವಾಗಿ ಓಡಾಡಿದವು. ಗಾಜಿನ ಮೇಲೆ ಕೋಪೆಪಾಡು ಅನ್ನುವ ಸೀಗಡಿ ಜಾತಿಯ ಚಿಕ್ಕ ಚಿಕ್ಕ ಜೀವಿಗಳು ತುಂಬಿಕೊಂಡವು. ಆದರೂ ದೀಪ ಹಾಕಿದ ಕೂಡಲೇ ಯಾರೂ ಎದುರಿಗೆ ಬರದ ಟ್ಯಾಂಕನ್ನು ನೋಡುವುದು ಕಷ್ಟವಾಗಿತ್ತು.

ತಾಮ್ರದ 30 ದಿನ ಮುಗಿದ ಮೇಲೆ ಕಾರ್ಬನ್ ಹಾಕಿ ಅದನ್ನು ತೆಗೆದೆ. ಉಳಿದ ದಿನಗಳಲ್ಲಿ ಸುಮ್ನೆ ನೋಡುತ್ತಿದ್ದೆ. ಒಂದೂ ಚುಕ್ಕೆ ಬರಲಿಲ್ಲ. 77ನೇ ದಿನ ಬೆಳಿಗ್ಗೆ ಮೂರನ್ನೂ ಬಿಟ್ಟೆ. ದೊಡ್ಡ ಕ್ಲೌನ್ ಎಲ್ಲೂ ನಿಲ್ಲದೆ ಬಲಗಡೆಯ ತನ್ನ ಹಳೆಯ ಮೂಲೆಗೆ ಹೋಯಿತು, ಚಿಕ್ಕದು ಅದರ ಹಿಂದೆಯೇ. ಗ್ರಾಮಾ ಕಲ್ಲಿನ ಚಾವಣಿಗೆ ಹೊಟ್ಟೆ ಮಾಡಿ ತಲೆಕೆಳಗಾಗಿ ನಿಂತಿತು. ಅದು ಮೊದಲೂ ಹಾಗೇ ನಿಲ್ಲುತ್ತಿತ್ತು.

60 ಲೀಟರಿನ ಟ್ಯಾಂಕನ್ನು ನಾನು ಎತ್ತಿಡಲಿಲ್ಲ. ಅದರ ಸ್ಪಂಜಿನ ಜೊತೆಗಾರ ಇನ್ನೊಂದು ಸ್ಪಂಜು ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ಅದರ ಫಿಲ್ಟರ್ ಇರುವ ಜೋಡಿ ತೊಟ್ಟಿಯಲ್ಲಿ) ಸದಾ ಇರುತ್ತದೆ, ಬ್ಯಾಕ್ಟೀರಿಯಾ ತುಂಬಿಕೊಂಡು. ಹೊಸ ಮೀನು ಬರುವ ದಿನ ಅದನ್ನು ಇಲ್ಲಿಗೆ ತಂದರೆ ಅಮೋನಿಯಾ ಏರುವುದಿಲ್ಲ. ಬಸವನಹುಳು, ಹವಳ ತಂದರೂ ಮೀನಿಲ್ಲದ ಪಾತ್ರೆಯಲ್ಲಿ 76 ದಿನ ಇಡುತ್ತೇನೆ. ಅವುಗಳಿಗೆ ಇಕ್ ಬರುವುದಿಲ್ಲ, ಆದರೆ ಚಿಪ್ಪಿಗೆ ಅಂಟಿದ ಕೋಶ ಜೊತೆಗೆ ಬರಬಹುದು.

ಈಗ ಆ 60 ಲೀಟರಿನ ಟ್ಯಾಂಕಿನಲ್ಲಿ ಒಂದು ಪುಟ್ಟ ಹಳದಿ ಟ್ಯಾಂಗ್ ಇದೆ. ಇವತ್ತಿಗೆ 19 ದಿನ. ಬೆಳಿಗ್ಗೆ ತಾಮ್ರ 2.3 ಇತ್ತು. ನೋರಿ (ಒಣಗಿಸಿದ ಕಡಲಪಾಚಿ) ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಕೈ ತೆಗೆಯುವ ಮೊದಲೇ ಬಂದು ಎಳೆಯುತ್ತದೆ.