ಮುಂಬೈಯ ಗುಡ್ಡದಲ್ಲಿ ಅಮೋಘವರ್ಷ

ಬೊರಿವಲಿಯ ಕಾಡಿನ ನಡುವೆ, ಕನ್ಹೇರಿಯ ಗುಹೆಗಳಲ್ಲಿ ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೆಸರಿದೆ ಎಂದು ನನಗೆ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ಹೇಳಿದವರು ಮಾಟುಂಗಾದ ಒಂದು ಹೋಟೆಲಿನ ಗಲ್ಲಾದ ಮೇಲೆ ಕೂತಿದ್ದ ಹಿರಿಯರು. ಅವರ ಮಾತು ಕೇಳಿ ಹೋಗಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಡೊಂಬಿವಲಿಯಲ್ಲಿ ನಮ್ಮವರ ತಮ್ಮನ ಮಗಳ ಮದುವೆ ಇತ್ತು, ಚೆನ್ನಾಗಿ ಆಯಿತು. ಅದರ ಬಗ್ಗೆ ಇಲ್ಲಿ ಹೇಳುವಂಥದ್ದೇನಿಲ್ಲ.

ಮದುವೆ ಮುಗಿದ ಮೇಲೆ ಉಳಿದ ದಿನಗಳಿಗೆ ಮಾಟುಂಗಾದಲ್ಲಿ ಪರಿಚಯದವರ ಮನೆಯಲ್ಲಿ ಇಳಿದೆವು. ಮೊದಲ ದಿನ ಊರು ತೋರಿಸುವ ಬಸ್ಸಿಗೆ ತಲೆಗೆ 700 ರೂಪಾಯಿಯಂತೆ ಕೊಟ್ಟೆವು. ಆ ದುಡ್ಡಿನ ಸಂಕಟ ಈಗಲೂ ಹೋಗಿಲ್ಲ. ಸಿನಿಮಾದವರ ಮನೆಗಳ ಗೇಟು ತೋರಿಸಿದರು, ಸಮುದ್ರದ ದಂಡೆಯಲ್ಲಿ ಹತ್ತು ನಿಮಿಷ ಇಳಿಸಿದರು, ಆಮೇಲೆ ಸೀರೆ ಅಂಗಡಿಯೊಂದರಲ್ಲಿ ಒಂದು ತಾಸು ಕೂರಿಸಿದರು. ವಸ್ತುಸಂಗ್ರಹಾಲಯ ಎಂದು ಚೀಟಿಯಲ್ಲಿ ಬರೆದಿದ್ದರು. ಹೊತ್ತಾಯಿತು ಎಂದು ಅದನ್ನೂ ಬಿಟ್ಟರು. ಮುಂಬೈಗೆ ಹೋಗುವವರು ಯಾರೇ ಇರಲಿ, ಇಂಥ ಬಸ್ಸು ಹತ್ತಬೇಡಿ. ಲೋಕಲ್ ರೈಲು, ಬೆಸ್ಟ್ ಎಂಬ ಸಿಟಿ ಬಸ್ಸು ಮತ್ತು ಒಂದು ಜೊತೆ ಗಟ್ಟಿ ಚಪ್ಪಲಿ ಇದ್ದರೆ ಆ ಊರು ನಿಮ್ಮದೇ. ಗಾಂಧೀಜಿ 1917ರಿಂದ 1934ರವರೆಗೆ ಬಂದಿಳಿಯುತ್ತಿದ್ದ ಮಣಿಭವನವನ್ನು ನಾವು ಮರುದಿನ ಪುಕ್ಕಟೆ ನೋಡಿದೆವು. ಮಾಟುಂಗಾದಲ್ಲಿ ಮೇಲ್ಸೇತುವೆಯ ಕೆಳಗೇ ಒಂದು ಉದ್ಯಾನವಿದೆ. ಅದರೊಳಗಿನ ಕಾಲುದಾರಿಯನ್ನು ನರ್ಮದಾ ನದಿ ಹರಿಯುವ ಹಾದಿಯಂತೆ ಬಳುಕಿಸಿದ್ದಾರೆ. ತಲೆಯ ಮೇಲೆ ಲಾರಿಗಳು ಓಡುತ್ತಿರುತ್ತವೆ, ಕೆಳಗೆ ಮುದುಕರು ವಾಕಿಂಗ್ ಮಾಡುತ್ತಿರುತ್ತಾರೆ. ಗೇಟ್‌ವೇ ಆಫ್ ಇಂಡಿಯಾದ ನೂಕುನುಗ್ಗಲಿಗಿಂತ ನನಗೆ ಅದೇ ಹಿಡಿಸಿತು.

ಇನ್ನು ಆ ಹೋಟೆಲು. ಮಾಟುಂಗಾದಲ್ಲಿ ಕನ್ನಡ ಕಿವಿಗೆ ಬೀಳುವುದು ಹೊಸದಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಅಲ್ಲಿದೆ, ಉಡುಪಿಯವರ ಊಟದ ಮನೆಗಳೂ ಹಳೆಯವು. ನಾವು ಹೋಗಿದ್ದು ಹೆಸರುವಾಸಿಯಲ್ಲದ ಒಂದು ಸಣ್ಣ ಜಾಗ. ಸಾಂಬಾರಿನ ಸಿಹಿ ನಮ್ಮ ಹುಬ್ಬಳ್ಳಿಯ ನಾಲಿಗೆಗೆ ಒಗ್ಗಲಿಲ್ಲ, ಆದರೆ ಇಡ್ಲಿ ಮೆತ್ತಗಿತ್ತು, ಕಾಫಿ ಬಹಳ ಚೆನ್ನಾಗಿತ್ತು. ದುಡ್ಡು ಕೊಡುವಾಗ ನಾವು ಮಾತಾಡಿದ್ದು ಕೇಳಿ ಗಲ್ಲಾದ ಮೇಲಿನ ಹಿರಿಯರು, "ಊರು ಎಲ್ಲಾಯ್ತಮ್ಮ ನಿಮ್ದು?" ಎಂದರು.

"ಹುಬ್ಬಳ್ಳಿರೀ ಕಾಕಾ. ಮುಂಬೈ ನೋಡೂಣು ಅಂತ ಬಂದೀವಿ. ಖರ್ಚಿಲ್ಲದ ನೋಡೂವಂಥಾದ್ದು ಏನರ ಐತೇನ್ರಿ?"

"ಉಂಟಲ್ಲ. ಕನ್ಹೇರಿಗೆ ಹೋಗಿದ್ದೀರಾ?"

ಇಲ್ಲ ಎಂದೆ. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ನೃಪತುಂಗನ ಹೆಸರು ಉಂಟು ಅಲ್ಲಿ ಕಲ್ಲಿನಲ್ಲಿ. ನಾನು ಹುಡುಗನಾಗಿರುವಾಗ ನೋಡಿದ್ದು."

ಹನ್ನೊಂದರ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದವರಂತೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ. ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಾನು ಕೇಳಿದ್ದೆ. ಅಲ್ಲಿ ಕಲಿತವರನ್ನು ಎದುರಿಗೆ ಕಂಡದ್ದು ಅದೇ ಮೊದಲು. ಗಿರಾಕಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಅವರು ಒಂದು ಕೈಯಲ್ಲಿ ದುಡ್ಡು ತೆಗೆದುಕೊಳ್ಳುತ್ತಲೇ ಹೇಳುತ್ತ ಹೋದರು.

"ತರಗತಿಯಲ್ಲಿ ಕೂತರೆ ನಿದ್ದೆ ಬರ್ತಿತ್ತಮ್ಮ. ಬೆಳಿಗ್ಗೆ ನಾಲ್ಕಕ್ಕೆ ಎದ್ದವರು ನಾವು. ಆದರೆ ಮಾಷ್ಟ್ರು ಬೈತಿರಲಿಲ್ಲ. ಅವರೂ ಹಗಲು ಎಲ್ಲೋ ಆಫೀಸಿನಲ್ಲಿ ದುಡಿದು ಬಂದವರೇ. ಒಂದು ಆದಿತ್ಯವಾರ ಧಣಿಗಳ ಹತ್ತಿರ ಅವರೇ ರಜೆ ಕೇಳಿ ನಮ್ಮನ್ನೆಲ್ಲ ಕನ್ಹೇರಿಗೆ ಕರ್ಕೊಂಡು ಹೋದ್ರು. ಆ ಗುಹೆಯಲ್ಲಿ ನಿಲ್ಲಿಸಿ ಹೇಳಿದ್ರು, ಈ ಜಾಗ ನಮಗೆ ಪರದೇಶ ಅಲ್ಲ ಮಕ್ಕಳೇ, ನಮ್ಮ ದೊರೆ ಆಳಿದ ಜಾಗ ಅಂತ. ಪುಸ್ತಕ ತಗೊಳ್ಳಲಿಕ್ಕೆ ದುಡ್ಡು ಕೊಟ್ಟದ್ದನ್ನು ಬರೆದಿದ್ದಾರಮ್ಮ ಅಲ್ಲಿ. ಪುಸ್ತಕಕ್ಕೆ!"

"ನಿಮಗ ಪುಸ್ತಕ ಯಾರು ಕೊಡಿಸ್ತಿದ್ರು?" ಎಂದು ನಮ್ಮವರು ಕೇಳಿದರು.

"ಹಿಂದಿನ ವರ್ಷ ಪಾಸಾದವರು ಬಿಟ್ಟು ಹೋಗ್ತಿದ್ರು. ನಾನೂ ಬಿಟ್ಟು ಬಂದೆ, ಮೆಟ್ರಿಕ್ ಆದ ಮೇಲೆ."

ಮರುದಿನ ರವಿವಾರ. ಜಿನುಗು ಮಳೆಯಲ್ಲೇ ಮಾಟುಂಗಾ ರೋಡ್‌ನಿಂದ ಸ್ಲೋ ಲೋಕಲ್ ಹಿಡಿದು ಬೊರಿವಲಿಗೆ ಹೋದೆವು. ಟಿಕೇಟಿಗೆ 20 ರೂಪಾಯಿಯೊಳಗೇ ಆಯಿತು. ಸ್ಟೇಷನ್ನಿನ ಪೂರ್ವಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ದ್ವಾರ, ಅಲ್ಲಿಂದ ಗುಹೆಗಳಿಗೆ ಕಾಡಿನ ದಾರಿಯಲ್ಲಿ ಆರೇಳು ಕಿಲೋಮೀಟರ್. ಉದ್ಯಾನದ ಬಸ್ಸು ತುಂಬಿದಾಗ ಹೊರಡುತ್ತದೆ. ಒಳಗೆ ಹೋಗಲು ಒಂದು ಟಿಕೇಟು, ಗುಹೆಗಳಿಗೆ ಬೇರೆ 25 ರೂಪಾಯಿ. ರವಿವಾರ ಜನ ಜಾಸ್ತಿ, ಸೋಮವಾರ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ವಾರದ ನಡುವೆ, ಬೆಳಿಗ್ಗೆಯೇ ಹೋಗಿ. ಕೈಯಲ್ಲಿ ತಿಂಡಿ ಕಂಡರೆ ಮಂಗಗಳು ಬಿಡುವುದಿಲ್ಲ.

ನೂರಕ್ಕೂ ಹೆಚ್ಚು ಗುಹೆಗಳು, ಎಲ್ಲವೂ ಕಪ್ಪು ಬಸಾಲ್ಟ್ ಬಂಡೆಯಲ್ಲಿ ಕಡಿದವು. ಬೌದ್ಧ ಭಿಕ್ಷುಗಳು ಸುಮಾರು ಸಾವಿರ ವರ್ಷ ಇಲ್ಲಿ ಬದುಕಿದ್ದರು. ಮೂರನೆಯ ಗುಹೆ ದೊಡ್ಡ ಚೈತ್ಯ, ಅಂದರೆ ಭಿಕ್ಷುಗಳ ಪ್ರಾರ್ಥನೆಯ ಮಂದಿರ, ಶಾತವಾಹನ ಯಜ್ಞ ಶಾತಕರ್ಣಿಯ ಕಾಲದ್ದು. ಅದರ ಮೊಗಸಾಲೆಯ ಎರಡು ತುದಿಗೆ ನಿಂತ ಬುದ್ಧರ ಮುಖ ನೋಡಲು ಕತ್ತು ಪೂರಾ ಎತ್ತಬೇಕು. ಒಳಗೆ ಹುಡುಗರು ಪ್ರತಿಧ್ವನಿಗಾಗಿ ಕೂಗುತ್ತಿದ್ದರು. ನಾವು ಬೇಗ ಹೊರಬಂದೆವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರು. ಒಂದೊಂದು ಗುಹೆಯ ಪಕ್ಕಕ್ಕೂ ಬಂಡೆಯಲ್ಲೇ ಕೊರೆದ ತೊಟ್ಟಿ. ಗುಡ್ಡದ ಇಳಿಜಾರಿನಲ್ಲಿ ಬೆರಳಗಲದ, ಗೇಣಗಲದ ಕಾಲುವೆ ಕೊರೆದು ಮಳೆನೀರನ್ನು ಅವುಗಳಿಗೆ ತಿರುಗಿಸಿದ್ದಾರೆ. ಅಂದಿನ ಮಳೆಗೂ ಆ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ತೊಟ್ಟಿ ಕೊರೆಸಿಕೊಟ್ಟ ದಾನಿಗಳು ಅದನ್ನೂ ಶಾಸನದಲ್ಲಿ ಬರೆಸಿದ್ದಾರೆ. ಇದೇ ಕಾಡಿನ ವಿಹಾರ ಕೆರೆಯಿಂದ 1860ರಲ್ಲಿ ಮುಂಬೈಗೆ ನಲ್ಲಿ ನೀರು ಬಂತು. ಅದಕ್ಕೂ ಎಷ್ಟೋ ಶತಮಾನ ಮೊದಲೇ ಭಿಕ್ಷುಗಳು ಇದೇ ಗುಡ್ಡದ ಮಳೆಯನ್ನು ಹಿಡಿದಿಟ್ಟು ಕುಡಿದಿದ್ದರು. ವಾರಕ್ಕೊಮ್ಮೆ ನಲ್ಲಿಯ ದಾರಿ ಕಾಯುವ ಊರಿನವಳು ನಾನು, ಒಂದೊಂದು ತೊಟ್ಟಿಯನ್ನೂ ಬಗ್ಗಿ ನೋಡಿದೆ. ನಮ್ಮವರು ಛತ್ರಿ ಹಿಡಿದು ಕಾದರು.

ಹನ್ನೊಂದನೆಯದು ದರ್ಬಾರ್ ಗುಹೆ. ದೊಡ್ಡ ಹಜಾರದ ಉದ್ದಕ್ಕೂ ಎರಡು ತಗ್ಗು ಕಲ್ಲುಜಗಲಿಗಳು, ಮದುವೆಮನೆಯಲ್ಲಿ ಪಂಕ್ತಿಗೆ ಹಾಸಿದ ಜಮಖಾನೆಗಳ ಹಾಗೆ. ಅಮೋಘವರ್ಷನ ಶಾಸನ ಎಲ್ಲಿ ಎಂದು ನಮ್ಮ ಹರಕುಮುರುಕು ಹಿಂದಿಯಲ್ಲಿ ಕಾವಲಿನವನನ್ನು ಕೇಳಿದೆವು. ಅವನು ಕಂಬಗಳ ಮೇಲಿನ ಕಲ್ಲಿನತ್ತ ಕೈ ಮಾಡಿದ. ಸವೆದ ಅಕ್ಷರಗಳು, ಒಂದನ್ನೂ ಓದಲಾಗಲಿಲ್ಲ. ಭಾಷೆ ಸಂಸ್ಕೃತ. ಕಾಲ ಶಕ 775, ಅಂದರೆ ಕ್ರಿ.ಶ. 853. ದೊರೆ ಅಮೋಘವರ್ಷ, ಅವನ ಕೆಳಗೆ ಕೊಂಕಣ ಆಳುತ್ತಿದ್ದವನು ಶಿಲಾಹಾರ ಕಪರ್ದಿ. ವಿಹಾರಕ್ಕೆ, ಅಂದರೆ ಭಿಕ್ಷುಗಳ ಮಠಕ್ಕೆ, ಕೊಟ್ಟ ದಾನದಲ್ಲಿ ಹಾಳಾದದ್ದರ ದುರಸ್ತಿಗೆ ಒಂದು ಪಾಲು, ಪುಸ್ತಕ ಕೊಳ್ಳಲು ಒಂದು ಪಾಲು. ಹೋಟೆಲಿನ ಹಿರಿಯರು ಅಷ್ಟು ವರ್ಷದ ಹಿಂದೆ ಕೇಳಿದ್ದನ್ನು ಒಂದು ಮಾತೂ ತಪ್ಪಿಸದೆ ಹೇಳಿದ್ದರು.

ನಾನು ಆ ಜಗಲಿಯ ಮೇಲೆ ಬಹಳ ಹೊತ್ತು ಕೂತೆ. ಕವಿರಾಜಮಾರ್ಗ ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಇದೇ ದೊರೆಯ ಆಸ್ಥಾನದಲ್ಲಿ. ರಾಜಧಾನಿ ಮಾನ್ಯಖೇಟದಲ್ಲಿ ಕನ್ನಡ ಕಾವ್ಯ ಹೇಗಿರಬೇಕೆಂದು ಬರೆಯುತ್ತಿದ್ದಾಗ, ಅದೇ ರಾಜ್ಯದ ಈ ಅಂಚಿನ ಗುಡ್ಡದಲ್ಲಿ ಭಿಕ್ಷುಗಳಿಗೆ ಪುಸ್ತಕದ ದುಡ್ಡು ಸಂದಾಯವಾಗುತ್ತಿತ್ತು. ನಾನು ಕಂಡಂತೆ ಅದನ್ನು ತಿಳಿಸುವ ಒಂದು ಸಾಲು ಕನ್ನಡ ಅಲ್ಲಿರಲಿಲ್ಲ. ಮುಂಬೈಯಲ್ಲಿ ಎಷ್ಟೊಂದು ಕನ್ನಡ ಸಂಘಗಳಿವೆ! ವರ್ಷಕ್ಕೊಮ್ಮೆ ಮಕ್ಕಳನ್ನು ಇಲ್ಲಿಗೆ ಕರೆತಂದು ಆ ಕಂಬಗಳನ್ನು ತೋರಿಸಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಸಂಜೆ ಹೋಟೆಲಿಗೆ ಹೋಗಿ ಹೇಳಿದೆ. ಅವರು ಕಾಫಿಯ ದುಡ್ಡು ತೆಗೆದುಕೊಳ್ಳಲಿಲ್ಲ. "ಹಾಗಾದರೆ ಘಾರಾಪುರಿಗೂ ಹೋಗಿ. ಪುಲಕೇಶಿ ಹಡಗು ತಂದು ಮುತ್ತಿದ ಪುರಿ ಅದೇ ಅಂತ ಮಾಷ್ಟ್ರು ಹೇಳ್ತಿದ್ರು," ಎಂದರು. ಆದರೆ ಮರುದಿನ ಸೋಮವಾರ, ಘಾರಾಪುರಿಯ, ಅಂದರೆ ಎಲಿಫೆಂಟಾ ದ್ವೀಪದ, ಗುಹೆಗಳಿಗೂ ರಜೆ. ಮಂಗಳವಾರ ಬೆಳಿಗ್ಗೆ ನಮ್ಮ ರೈಲು.

"ಹಾಗಾದರೆ ಬಾಣಗಂಗಾ," ಎಂದರು, "ಅದಕ್ಕೆ ರಜೆ ಇಲ್ಲ, ಟಿಕೇಟೂ ಇಲ್ಲ."

ಸೋಮವಾರ ಬೆಸ್ಟ್ ಬಸ್ಸಿನಲ್ಲಿ ವಾಲ್ಕೇಶ್ವರಕ್ಕೆ ಹೋಗಿ ಇಳಿದೆವು. ಕೋಟಿಗಟ್ಟಲೆ ಬೆಲೆಯ ಮನೆಗಳ ಸಂದಿಯಲ್ಲಿ ಮೆಟ್ಟಿಲಿಳಿದರೆ ಪುಷ್ಕರಣಿ, ಸುತ್ತ ಗುಡಿಗಳು, ಸಾರಸ್ವತರ ಕವಳೆ ಮಠ, ನೀರಲ್ಲಿ ಬಾತುಕೋಳಿಗಳು. ಸಮುದ್ರ ಕೂಗಳತೆಯಲ್ಲಿದ್ದರೂ ಊಟೆಯ ನೀರು ಸಿಹಿ. ಇದನ್ನು 1127ರಲ್ಲಿ ಕಟ್ಟಿಸಿದವನು ಲಕ್ಷ್ಮಣ ಪ್ರಭು ಎನ್ನುತ್ತಾರೆ. ಅವನು ಶಿಲಾಹಾರರ ಮಂತ್ರಿ, ಕನ್ಹೇರಿಯ ಕಪರ್ದಿಯ ವಂಶದವರಿಗೇ ದುಡಿದವನು. ನಮ್ಮವರಿಗೆ ಕನ್ಹೇರಿಗಿಂತ ಇದೇ ಹೆಚ್ಚು ಇಷ್ಟವಾಯಿತು. ರೈಲಿನಲ್ಲಿ ಮೀರಜ್ ದಾಟುವವರೆಗೂ ನಾವಿಬ್ಬರೂ ಅದನ್ನೇ ವಾದಿಸಿದೆವು.